ವರದಿಯ ಸರ್ವರಿನಲ್ಲಿ ಉಳಿದುಹೋಗುವ ಕಡತಗಳು

ಪರೀಕ್ಷೆಯ ಫಲಿತಾಂಶ ಹೊರಬಿದ್ದ ದಿನ ವಿದ್ಯಾರ್ಥಿಯು ತನ್ನ ನೋಂದಣಿ ಸಂಖ್ಯೆಯನ್ನು ಕೊಟ್ಟು ಗುಂಡಿಯನ್ನೊತ್ತುತ್ತಾನೆ. ಕೆಲವು ಕ್ಷಣಗಳಲ್ಲಿ ಅಂಕಪಟ್ಟಿಯು ತೆರೆಯ ಮೇಲೆ ಮೂಡುತ್ತದೆ. ಆ ಕೆಲವು ಕ್ಷಣಗಳಲ್ಲಿ ದೂರದ ಸರ್ವರಿನಲ್ಲಿ ನಡೆದುದೇನೆಂಬುದನ್ನು ನಮ್ಮ ವಾಚಕರಲ್ಲಿ ಅನೇಕರು ಯೋಚಿಸಿರಲಾರರು. ಅಲ್ಲಿ ಅಂಕಗಳು ಕೇವಲ ಸಂಖ್ಯೆಗಳ ಸಾಲುಗಳಾಗಿ ಇರುತ್ತವೆ. ಅವುಗಳನ್ನು ಆಯ್ದು, ಕೂಡಿ, ಗೆರೆಗಳ ನಡುವೆ ಕೂರಿಸಿ ಪುಟದ ರೂಪಕ್ಕೆ ತರಬೇಕು. ಗಣಿತದ ಪರೀಕ್ಷೆಯಲ್ಲಿ ನಾವು ಹಾಳೆಯ ಅಂಚಿನಲ್ಲಿ ಕಚ್ಚಾ ಲೆಕ್ಕ ಮಾಡುವಂತೆ ಸರ್ವರು ಅನೇಕ ವೇಳೆ ಡಿಸ್ಕಿನ ಮೇಲೆ ಒಂದು ಕಡತವನ್ನು ಬರೆದಿಟ್ಟುಕೊಳ್ಳುತ್ತದೆ. ಇದೇ ತಾತ್ಕಾಲಿಕ ಕಡತ.

ಕೆಲಸ ಮುಗಿದೊಡನೆ ಅದನ್ನು ಅಳಿಸಿಬಿಟ್ಟರಾಯಿತಲ್ಲವೇ ಎಂದು ಕೇಳಬಹುದು. ಕಷ್ಟವಿರುವುದು ‘ಮುಗಿಯಿತು’ ಎಂಬುದನ್ನು ತಿಳಿಯುವುದರಲ್ಲಿ. ಜಾಲದಲ್ಲಿ ಬಳಕೆಯಲ್ಲಿರುವ ಎಚ್‌ಟಿಟಿಪಿ ನಿಯಮಾವಳಿಯಂತೆ ಪ್ರತಿಯೊಂದು ಕೋರಿಕೆಯೂ ಸ್ವತಂತ್ರವಾದುದು. ಓದುಗನು ಎರಡನೆಯ ಪುಟವನ್ನು ಕೇಳಿಯಾನು, ಮುದ್ರಿಸಲು ಮತ್ತೆ ಬಂದಾನು. ಇಲ್ಲವೇ ಕಿಟಕಿಯನ್ನು ಮುಚ್ಚಿ ಊಟಕ್ಕೆ ಹೋದಾನು. ಎದ್ದುಹೋದುದು ಸರ್ವರಿಗೆ ತಿಳಿಯುವ ಬಗೆಯೇ ಇಲ್ಲ. ಆದಕಾರಣ ಅದು ಒಂದು ಅವಧಿಯವರೆಗೆ ಕಾಯುತ್ತದೆ. ಮೈಕ್ರೋಸಾಫ್ಟಿನ ಎಎಸ್‌ಪಿ ಡಾಟ್‌ನೆಟ್ ಏರ್ಪಾಡಿನಲ್ಲಿ, ಬೇರೆ ಆದೇಶವಿಲ್ಲದಿದ್ದರೆ, ಈ ಅವಧಿ 20 ನಿಮಿಷ.

ಈಗ ಒಂದು ಲೆಕ್ಕ. ತೊಟ್ಟಿಗೆ ನೀರು ಬೀಳುವ ವೇಗವನ್ನೂ ಪ್ರತಿಯೊಂದು ಹನಿಯು ಅದರಲ್ಲಿ ನಿಲ್ಲುವ ಸರಾಸರಿ ಕಾಲವನ್ನೂ ಗುಣಿಸಿದರೆ ತೊಟ್ಟಿಯಲ್ಲಿರುವ ನೀರಿನ ಪ್ರಮಾಣ ದೊರೆಯುತ್ತದೆ. ಸರತಿಯ ಸಾಲುಗಳಿಗೂ ಈ ನಿಯಮವು ಅನ್ವಯಿಸುವುದೆಂದು ಅಮೆರಿಕದ ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿ ತೋರಿಸಿದರು. ನಿಮಿಷಕ್ಕೆ 30 ವರದಿಗಳು ಹುಟ್ಟಿ, ಒಂದೊಂದೂ 20 ನಿಮಿಷ ಉಳಿಯುವುದಾದರೆ, ಯಾವ ಗಳಿಗೆಯಲ್ಲಿ ನೋಡಿದರೂ ಸುಮಾರು 600 ಕಡತಗಳಿರುತ್ತವೆ. ಒಂದಕ್ಕೆ 2 ಮೆಗಾಬೈಟಿನಂತೆ 1,200 ಮೆಗಾಬೈಟು. ಇಂದಿನ ಡಿಸ್ಕುಗಳಿಗೆ ಇದು ಭಾರವೇ ಅಲ್ಲ.

ಆದರೆ ತೊಟ್ಟಿಯ ಹೊರದಾರಿ ಪೂರ್ತಿ ತೆರೆದಿದೆಯೆಂದು ನಾವು ಭಾವಿಸಿದೆವಷ್ಟೆ. ಕಡತವನ್ನು ಅಳಿಸುವ ಆಜ್ಞೆಯನ್ನು ಸಾಮಾನ್ಯವಾಗಿ ಪ್ರೋಗ್ರಾಮಿನ ಕೊನೆಯಲ್ಲಿ ಬರೆದಿರುತ್ತಾರೆ. ನಡುವೆ ಏನಾದರೂ ತಪ್ಪು ಸಂಭವಿಸಿದರೆ ಪ್ರೋಗ್ರಾಮು ಪಕ್ಕದ ಬಾಗಿಲಿನಿಂದ ಹೊರಟುಹೋಗುತ್ತದೆ; ಆಜ್ಞೆಯ ತನಕ ತಲಪುವುದೇ ಇಲ್ಲ. ಹೀಗೆ ನೂರಕ್ಕೆ ಒಂದು ಕಡತ ಉಳಿಯಿತೆನ್ನೋಣ. ಹಗಲಿರುಳೂ ನಡೆಯುವ ನಮ್ಮ ಸರ್ವರಿನಲ್ಲಿ ದಿನಕ್ಕೆ 43,200 ವರದಿಗಳು. ಉಳಿಯುವ ಕಡತಗಳು 432.

ವಿಂಡೋಸಿನಲ್ಲಿ ಇಂಥ ಕಡತಗಳಿಗೆ ಹೆಸರಿಡುವ ‘ಗೆಟ್‌ಟೆಂಪ್‌ಫೈಲ್‌ನೇಮ್’ ಎಂಬ ಹಳೆಯ ಸೌಲಭ್ಯವೊಂದುಂಟು. ಅದು ಕೊಡುವ ಹೆಸರಿನಲ್ಲಿ ಬದಲಾಗುವ ಭಾಗವು ಷೋಡಶಮಾನ ಪದ್ಧತಿಯ ನಾಲ್ಕು ಸ್ಥಾನಗಳು ಮಾತ್ರ. 16ರ ನಾಲ್ಕನೆಯ ಘಾತ 65,536. ಸೊನ್ನೆಯನ್ನು ಬಿಟ್ಟರೆ 65,535 ಹೆಸರುಗಳು. ಅಷ್ಟೂ ಮುಗಿದಮೇಲೆ, ಡಿಸ್ಕು ಮುಕ್ಕಾಲು ಖಾಲಿಯಿದ್ದರೂ, ಆ ಫೋಲ್ಡರಿನಲ್ಲಿ ಹೊಸ ಕಡತ ಹುಟ್ಟದು. 65,535ನ್ನು 432ರಿಂದ ಭಾಗಿಸಿ ನೋಡಿ: ಸುಮಾರು 152 ದಿನ. ಜನವರಿಯಲ್ಲಿ ಪರೀಕ್ಷಿಸಿ ‘ಸರಿಯಾಗಿದೆ’ ಎಂದು ಒಪ್ಪಿಕೊಂಡ ಸರ್ವರು ಜೂನ್ ತಿಂಗಳಲ್ಲಿ ನಿಂತುಹೋಗುತ್ತದೆ. ಅದಕ್ಕೂ ಮೊದಲು ಕೆಲವು ವಾರಗಳಿಂದ ಅದು ನಿಧಾನವಾಗಿದ್ದೀತು. ಏಕೆಂದರೆ ಹೆಸರು ಬಳಕೆಯಲ್ಲಿದ್ದರೆ ಮುಂದಿನದನ್ನು, ಅದೂ ಇದ್ದರೆ ಅದರ ಮುಂದಿನದನ್ನು ಅದು ಪ್ರಯತ್ನಿಸುತ್ತ ಹೋಗಬೇಕು. ಐದು ತಿಂಗಳ ಹಿಂದಿನ ತಪ್ಪನ್ನು ಆಗ ಯಾರು ನೆನೆಯುತ್ತಾರೆ? ಯಂತ್ರವನ್ನೇ ಬದಲಾಯಿಸಬೇಕೆನ್ನುವವರೂ ಇರುತ್ತಾರೆ!

ಹಳೆಯ ಕಡತಗಳನ್ನು ನಿಯತಕಾಲದಲ್ಲಿ ಗುಡಿಸಿಹಾಕುವುದು ಪರಿಚಿತವಾದ ಪರಿಹಾರ. ಸಿಸ್ಟಮ್‌ಡಿ ಇರುವ ಅನೇಕ ಲಿನಕ್ಸ್ ಯಂತ್ರಗಳಲ್ಲಿ ಸಾಮಾನ್ಯ ತಾತ್ಕಾಲಿಕ ಫೋಲ್ಡರಿಗೆ 10 ದಿನಗಳ ಗಡುವಿರುತ್ತದೆ. ನಮ್ಮ ಸರ್ವರು ಎಲ್ಲವನ್ನೂ ಈ ಗಡುವಿಗೇ ಬಿಟ್ಟುಕೊಟ್ಟರೆ 4,32,000 ಕಡತಗಳು, 864 ಗಿಗಾಬೈಟು! ಗಡುವನ್ನು ತೀರ ಕಿರಿದು ಮಾಡಿದರೋ, ಅರ್ಧ ಗಂಟೆ ಹಿಡಿಯುವ ದೊಡ್ಡ ವರದಿಯೊಂದರ ಕಡತವು ಕೆಲಸದ ನಡುವೆಯೇ ಮಾಯವಾದೀತು.

ಇದಕ್ಕಿಂತ ಸೊಗಸಾದ ಉಪಾಯವು ಯುನಿಕ್ಸ್ ಸಂಪ್ರದಾಯದ ವ್ಯವಸ್ಥೆಗಳಲ್ಲಿದೆ. ಅಲ್ಲಿ ಕಡತವೂ ಅದರ ಹೆಸರೂ ಬೇರೆ ಬೇರೆ. ಪ್ರೋಗ್ರಾಮು ಕಡತವನ್ನು ತೆರೆದು, ಮರುಕ್ಷಣವೇ ಅದರ ಹೆಸರನ್ನು ಅಳಿಸಿಬಿಡಬಹುದು. ಬರೆಯುವುದಕ್ಕೂ ಓದುವುದಕ್ಕೂ ಅಡ್ಡಿಯಿಲ್ಲ. ಪ್ರೋಗ್ರಾಮು ಅದನ್ನು ಮುಚ್ಚಿದಾಗ, ಅಥವಾ ತಾನೇ ಕುಸಿದುಬಿದ್ದಾಗಲೂ, ವ್ಯವಸ್ಥೆಯು ಆ ಜಾಗವನ್ನು ಹಿಂದಕ್ಕೆ ಪಡೆಯುತ್ತದೆ. ವಿಂಡೋಸಿನಲ್ಲಿಯೂ ‘ಮುಚ್ಚಿದೊಡನೆ ಅಳಿಸು’ ಎಂದು ತೆರೆಯುವಾಗಲೇ ಹೇಳಿಡಬಹುದು. ನಮ್ಮ ಮಟ್ಟಿಗೆ, ಒಂದೇ ಕೋರಿಕೆಯೊಳಗೆ ಹುಟ್ಟಿ ಮುಗಿಯುವ ಕಡತಗಳಿಗೆಲ್ಲ ಇದೇ ಸರಿಯಾದ ದಾರಿ. ಓದುಗನು ಮರಳಿ ಬಂದಾನೆಂದು ಇಟ್ಟುಕೊಳ್ಳುವ ಕಡತಗಳಿಗೆ ಮಾತ್ರ ಗಡುವು ಅನಿವಾರ್ಯ.

ಇಂಥವನ್ನು ಇಡುವ ಜಾಗದ ವಿಷಯದಲ್ಲಿ ಎಚ್ಚರಿಕೆ ಬೇಕು. ಜಾಲತಾಣದ ಪುಟಗಳಿರುವ ಫೋಲ್ಡರಿನಲ್ಲಿಯೇ ಅವುಗಳನ್ನು ಇಟ್ಟರೆ, ಹೆಸರನ್ನು ಊಹಿಸಿದ ಯಾರಾದರೂ ಇನ್ನೊಬ್ಬನ ಅಂಕಪಟ್ಟಿಯನ್ನು ತೆರೆಯಬಹುದು. ಮನುಷ್ಯನಿಗೆ 65,535 ಊಹೆಗಳು ಅಸಾಧ್ಯ. ಯಂತ್ರಕ್ಕೆ ಅದು ಅಲ್ಪಕಾಲದ ಕೆಲಸ. ಆದುದರಿಂದ ಕಡತವು ಜಾಲಕ್ಕೆ ಕಾಣದ ಫೋಲ್ಡರಿನಲ್ಲಿರಬೇಕು. ಅದರ ಹೆಸರು 128 ಬಿಟ್ಟುಗಳಷ್ಟಾದರೂ ಉದ್ದದ ಯಾದೃಚ್ಛಿಕ ಸಂಖ್ಯೆಯಾಗಿರಬೇಕು. ಕೇಳಿದವನು ಅದರ ಒಡೆಯನೇ ಎಂದು ಸರ್ವರು ಪ್ರತಿಸಲವೂ ವಿಚಾರಿಸಬೇಕು.

ಲಿನಕ್ಸ್ ಯಂತ್ರವಿರುವ ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಿ ನೋಡಬಹುದು. ದೊಡ್ಡ ಕಡತವೊಂದನ್ನು ಒಂದು ಪ್ರೋಗ್ರಾಮು ತೆರೆದು ಹಿಡಿದಿರುವಾಗಲೇ ಅದನ್ನು ಅಳಿಸಿರಿ. ಪಟ್ಟಿಯಲ್ಲಿ ಹೆಸರು ಕಾಣದು, ಆದರೆ ಡಿಸ್ಕಿನ ಖಾಲಿ ಜಾಗ ಹೆಚ್ಚಿರುವುದಿಲ್ಲ. ಬಳಿಕ ಆ ಪ್ರೋಗ್ರಾಮನ್ನು ನಿಲ್ಲಿಸಿ, ಮತ್ತೊಮ್ಮೆ ಅಳೆಯಿರಿ.