ಗಾಡಿ ಕುಣಿಯುವುದೇಕೆ? ಶಾಕ್ ಬದಲಿಸುವುದು ಹೇಗೆ?



ನಮ್ಮ ಅಪ್ಪನ ಮಾರುತಿ ಓಮ್ನಿಯನ್ನು ನೀವೆಲ್ಲ ನೋಡಿದ್ದೀರಿ. ಈ ಗಾಡಿಯ ತಯಾರಿಕೆ 2019ರಲ್ಲೇ ನಿಂತಿತು. ಆದರೂ ಟೊಮೆಟೊ ಕ್ರೇಟು ಸಾಗಿಸಲು ನಮಗೆ ಅದೇ ಆಧಾರ. ದಸರಾ ರಜೆಯಲ್ಲಿ ಅದರ ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಾಯಿಸಿದೆವು. ಆಗ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಶಾಕ್‌ನ ಕೆಲಸವೇನು?

ಗಾಡಿಯ ಭಾರ ಹೊರುವುದು ಶಾಕ್ ಎಂದು ನಾನು ತಿಳಿದಿದ್ದೆ. ಅದು ತಪ್ಪು. ಭಾರ ಹೊರುವುದು ಸ್ಪ್ರಿಂಗ್. ಓಮ್ನಿಯ ಹಿಂಭಾಗದಲ್ಲಿ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳೇ ಸ್ಪ್ರಿಂಗ್. ಚಕ್ರ ಗುಂಡಿಗೆ ಬಿದ್ದಾಗ ಪಟ್ಟಿ ಬಾಗಿ, ಮತ್ತೆ ಎಗರುತ್ತದೆ. ಹಾಗೇ ಬಿಟ್ಟರೆ ಗಾಡಿ ಕುಣಿಯುತ್ತಲೇ ಇರುತ್ತದೆ. ಆ ಕುಣಿತ ನಿಲ್ಲಿಸುವುದು ಶಾಕ್. ಅದರ ಕೊಳವೆಯಲ್ಲಿ ಎಣ್ಣೆ ಇರುತ್ತದೆ. ಸಣ್ಣ ರಂಧ್ರಗಳಿರುವ ಪಿಸ್ಟನ್ ಆ ಎಣ್ಣೆಯಲ್ಲಿ ಕಷ್ಟಪಟ್ಟು ಚಲಿಸುತ್ತದೆ. ಚಲನೆಯ ಶಕ್ತಿ ಶಾಖವಾಗುತ್ತದೆ. ಶಕ್ತಿ ನಾಶವಾಗುವುದಿಲ್ಲ, ರೂಪ ಬದಲಿಸುತ್ತದೆ ಎಂದು ವಿಜ್ಞಾನದಲ್ಲಿ ಓದಿದ್ದೇವಲ್ಲ, ಅದೇ ಇದು.

ಕೆಟ್ಟಿದೆಯೆಂದು ತಿಳಿಯುವುದು ಹೇಗೆ?

ಗಾಡಿಯ ಹಿಂದಿನ ಮೂಲೆಯನ್ನು ಜೋರಾಗಿ ಒತ್ತಿ ಬಿಡಿ. ಒಮ್ಮೆ ಎದ್ದು ನಿಂತರೆ ಸರಿ. ಮೂರ್ನಾಲ್ಕು ಸಲ ಕುಣಿದರೆ ಶಾಕ್ ಹೋಗಿದೆ. ಕೊಳವೆಯಿಂದ ಎಣ್ಣೆ ಸೋರುವುದು, ಟೈರ್ ಅಲ್ಲಲ್ಲಿ ತಗ್ಗುಬಿದ್ದಂತೆ ಸವೆಯುವುದು ಕೂಡ ಲಕ್ಷಣಗಳು. ಕುಣಿಯುವ ಚಕ್ರ ರಸ್ತೆಯನ್ನು ಸರಿಯಾಗಿ ಹಿಡಿಯುವುದಿಲ್ಲ. ಬ್ರೇಕ್ ಹಾಕಿದರೂ ಗಾಡಿ ದೂರ ಹೋಗಿ ನಿಲ್ಲುತ್ತದೆ.

ನಮ್ಮ ಮನೆಯಲ್ಲಿ ನಡೆದದ್ದು

ಮೊದಲ ದಿನ ಅಪ್ಪ ಒಂದು ಬದಿಯನ್ನು ಜಾಕ್‌ನಿಂದ ಎತ್ತಿ ಇಟ್ಟಿಗೆ ಮೇಲೆ ನಿಲ್ಲಿಸಿದರು. ಆಮೇಲೆ ಇನ್ನೊಂದು ಬದಿ ಎತ್ತಿದರು. ಅಡಿಗೆ ನುಗ್ಗಿ ನಟ್ಟು ಬಿಚ್ಚಬೇಕಾದವನು ನಾನು. ಸ್ಪಾನರ್ ತರಲು ಒಳಗೆ ಹೋಗಿದ್ದೆ. ಅಷ್ಟರಲ್ಲಿ ಧಡ್ ಎಂದು ಸದ್ದಾಯಿತು. ಗಾಡಿ ಮುಂದಕ್ಕೆ ಸರಿದು ಬಿದ್ದಿತ್ತು, ಇಟ್ಟಿಗೆ ಪುಡಿಯಾಗಿತ್ತು. ಅಪ್ಪ ಬಹಳ ಹೊತ್ತು ಮಾತೇ ಆಡಲಿಲ್ಲ.

ಮರುದಿನ ಗ್ಯಾರೇಜಿನಲ್ಲಿ ಕೆಲಸ ಮಾಡುವ ಚಿಕ್ಕಪ್ಪ ಬಂದರು. "ಹ್ಯಾಂಡ್ ಬ್ರೇಕ್ ಹಾಕಿದ್ದೆ, ಗೇರಲ್ಲೂ ಇತ್ತು ಕಣೋ" ಅಂದರು ಅಪ್ಪ. "ಅಣ್ಣಾ, ಹ್ಯಾಂಡ್ ಬ್ರೇಕ್ ಹಿಡಿಯೋದು ಹಿಂದಿನ ಚಕ್ರನ. ಈ ಗಾಡೀಲಿ ಇಂಜಿನ್ ತಿರುಗಿಸೋದೂ ಹಿಂದಿನ ಚಕ್ರನೇ. ಅವೆರಡೂ ಮೇಲೆದ್ರೆ ಗಾಡಿನ ಯಾರು ಹಿಡೀತಾರೆ?" ಅಂದರು ಚಿಕ್ಕಪ್ಪ.

ಸರಿಯಾದ ಕ್ರಮ

1. ಗಾಡಿ ಸಮತಟ್ಟಾದ ಗಟ್ಟಿ ನೆಲದಲ್ಲಿರಲಿ. ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ದಪ್ಪ ಕಲ್ಲು ಕೊಡಿ.
2. ಜಾಕ್‌ನಿಂದ ಎತ್ತಿ, ಬಾಡಿಯ ಗಟ್ಟಿ ಜಾಗಕ್ಕೆ ಕಬ್ಬಿಣದ ಸ್ಟ್ಯಾಂಡ್ ಕೊಡಿ. ಇಟ್ಟಿಗೆ ಬೇಡ.
3. ಜೋತುಬೀಳದಂತೆ ಆಕ್ಸಲ್‌ಗೆ ಜಾಕ್ ಆನಿಸಿ.
4. ತುಕ್ಕು ಹಿಡಿದ ನಟ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಅರ್ಧ ಗಂಟೆ ಬಿಡಿ. ಆಮೇಲೆ ಕೆಳಗಿನದು, ಮೇಲಿನದು ಬಿಚ್ಚಿ.
5. ಹೊಸ ಶಾಕನ್ನು ನೆಟ್ಟಗೆ ಹಿಡಿದು ನಾಲ್ಕೈದು ಸಲ ಒತ್ತಿ ಎಳೆಯಿರಿ. ಒಳಗೆ ಸೇರಿದ ಗಾಳಿ ಸರಿಯುತ್ತದೆ.
6. ಜೋಡಿಸಿ, ಗಾಡಿ ಇಳಿಸಿ, ಚಕ್ರದ ಮೇಲೆ ಭಾರ ಬಿದ್ದ ಮೇಲೆ ಪೂರ್ತಿ ಬಿಗಿಮಾಡಿ. ಇಲ್ಲದಿದ್ದರೆ ರಬ್ಬರ್ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ.
7. ಒಂದು ಕೆಟ್ಟರೂ ಎರಡನ್ನೂ ಬದಲಿಸಿ. ಇಲ್ಲದಿದ್ದರೆ ಎರಡು ಬದಿ ಎರಡು ತರ ವರ್ತಿಸುತ್ತದೆ.

ಹೊರದೇಶದ ಕೆಲವು ಕಾರುಗಳಲ್ಲಿ ಹಿಂದೆ ಏರ್ ಶಾಕ್ ಇರುತ್ತದೆ. ಹೆಚ್ಚು ಭಾರ ಹೇರಿದಾಗ ಅದಕ್ಕೆ ಗಾಳಿ ತುಂಬಿ, ತಗ್ಗಿದ ಹಿಂಭಾಗವನ್ನು ಎತ್ತುತ್ತಾರೆ. ಅದನ್ನು ಬಿಚ್ಚುವ ಮೊದಲು ಗಾಳಿ ಪೂರ್ತಿ ಬಿಡಬೇಕು.

ಗೆಳೆಯರೇ, ನಟ್ಟು ಬಿಚ್ಚುವುದು ಒಂದು ದಿನದಲ್ಲಿ ಕಲಿಯಬಹುದು. ಆದರೆ ಬರೀ ಜಾಕ್ ಮೇಲಿರುವ ಗಾಡಿಯ ಅಡಿಗೆ ಯಾರೂ ಹೋಗಬೇಡಿ, ಮನೆಯವರನ್ನೂ ಬಿಡಬೇಡಿ. ಇಷ್ಟು ಹೇಳಿ ನನ್ನ ಲೇಖನ ಮುಗಿಸುತ್ತೇನೆ.