ಹುಲ್ಲು ನೋಡಿ ಕುರಿ ಬಿಡು

ದೊಡ್ಡಬಳ್ಳಾಪುರದ ಆ ಎರಡೆಕರೆಯಲ್ಲಿ ಕುರಿ ಸಾಕುತ್ತೇನೆ ಅಂದೆಯಲ್ಲ, ನನಗೆ ನಿಜಕ್ಕೂ ಸಂತೋಷವಾಯಿತು ಕಣಮ್ಮ. ಬನ್ನೂರು ತಳಿ ಗೊತ್ತುಮಾಡಿದ್ದೀಯ, ಕೊಟ್ಟಿಗೆಯ ಖರ್ಚು ಲೆಕ್ಕ ಹಾಕಿದ್ದೀಯ. ಹುಲ್ಲಿನ ಮಾತು ಮಾತ್ರ ಎತ್ತಲಿಲ್ಲ. ಅದನ್ನೇ ಹೇಳುತ್ತೇನೆ, ಕೇಳು.

ಎರಡೆಕರೆಯನ್ನೂ ಒಟ್ಟಿಗೆ ಬಿಟ್ಟುಕೊಟ್ಟರೆ ಕುರಿ ರುಚಿಯಾದ ಹುಲ್ಲನ್ನೇ ಹುಡುಕಿ ಮೇಯುತ್ತದೆ, ಚಿಗುರಿದ ಕೂಡಲೇ ಮತ್ತೆ ಅದಕ್ಕೇ ಬಾಯಿ ಹಾಕುತ್ತದೆ. ಬೇರು ಸೊರಗಿ ಒಳ್ಳೆಯ ಹುಲ್ಲು ಸಾಯುತ್ತದೆ, ಪಾರ್ಥೇನಿಯಂ ಬಂದು ಕೂರುತ್ತದೆ. ಅದಕ್ಕೇ ಜಮೀನನ್ನು ಬಲೆ ಕಟ್ಟಿ ತುಂಡು ಮಾಡಿಕೋ. ಕುರುಬರು ರಾತ್ರಿ ಮಂದೆಯ ಸುತ್ತ ಕಟ್ಟುತ್ತಾರಲ್ಲ, ಅಂಥ ಬಲೆ. ಕಟ್ಟುವುದೂ ಕೀಳುವುದೂ ಸುಲಭ.

ಮಳೆಗಾಲದಲ್ಲಿ ಒಂದು ತುಂಡಿನಲ್ಲಿ 3–4 ದಿನಕ್ಕಿಂತ ಹೆಚ್ಚು ನಿಲ್ಲಿಸಬೇಡ. ಹಿಕ್ಕೆಯಲ್ಲಿ ಬಿದ್ದ ಜಂತುವಿನ ಮೊಟ್ಟೆ ಒಡೆದು ಮರಿಹುಳು ಹುಲ್ಲೇರಲು ಆ ಹವೆಯಲ್ಲಿ ಒಂದು ವಾರ ಸಾಕು. ಹುಳುಗಳು ಹೆಚ್ಚಾಗಿ ಇರುವುದು ನೆಲದಿಂದ 2 ಇಂಚಿನೊಳಗೆ. ಆದ್ದರಿಂದ ಹುಲ್ಲು ಇನ್ನೂ 4 ಇಂಚು ಇರುವಾಗಲೇ ಹಿಂಡನ್ನು ಮುಂದಿನ ತುಂಡಿಗೆ ಹೊಡಿ. ಉಳಿದ ಎಲೆಯಿಂದಲೇ ಹುಲ್ಲು ಬೇಗ ಚೇತರಿಸಿಕೊಳ್ಳುತ್ತದೆ. ಬೆಳಗಿನ ಇಬ್ಬನಿ ಆರುವ ತನಕ ಕುರಿ ದೊಡ್ಡಿಯಲ್ಲೇ ಇರಲಿ.

ಮೊದಲ ತುಂಡಿಗೆ ಮತ್ತೆ ಯಾವಾಗ ಬರಬೇಕೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಬೇಡ. ಒಳ್ಳೆ ಮಳೆಯಾದರೆ ಹುಲ್ಲು ತಿಂಗಳೊಳಗೆ ಎದ್ದೀತು. ಫೆಬ್ರವರಿ ಕಳೆದ ಮೇಲೆ ಎರಡು ತಿಂಗಳಾದರೂ ಏಳದು. ಏಳುವ ತನಕ ಕಾಯಬೇಕು, ಇಲ್ಲೇ ಹೊಸಬರು ಸೋಲುವುದು. ಆ ದಿನಗಳಿಗೆಂದು ರಾಗಿಹುಲ್ಲು, ಹುರುಳಿ ಹೊಟ್ಟು ಕೂಡಿಟ್ಟುಕೋ. ಹಲಸಿನ ಸೊಪ್ಪನ್ನೂ ಕಡಿದು ಹಾಕಬಹುದು. ಹತ್ತು ಕುರಿಯಿಂದ ಶುರುಮಾಡು. ಮರಿಗಳು ಹೆಚ್ಚಾದರೆ ಬೇಸಿಗೆ ಬರುವ ಮೊದಲೇ ಟಗರುಮರಿಗಳನ್ನು ಮಾರಿಬಿಡು. ಕರುಳು ಚುರ್ ಎನ್ನುತ್ತದೆ, ಬಲ್ಲೆ. ಆದರೂ ಮಾರು. ಮೇವಿಲ್ಲದೆ ಬಡಕಲಾಗಿ ನಿಂತ ಮರಿಯನ್ನು ನೋಡುವುದು ಅದಕ್ಕಿಂತ ಕಷ್ಟ.

ಜಂತು ಔಷಧಿಯನ್ನು ಇಡೀ ಹಿಂಡಿಗೆ ಕುಡಿಸುತ್ತಾ ಹೋಗಬೇಡ. ಹಾಗೆ ಕುಡಿಸಿ ಕುಡಿಸಿ ಹುಳುಗಳು ಔಷಧಿಗೆ ಬಗ್ಗದಂತಾಗಿವೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡು. ಒಳಗೆ ಬಿಳಿಚಿಕೊಂಡಿದ್ದರೆ ಆ ಕುರಿಗೆ ಕುಡಿಸು. ಸಂದೇಹವಿದ್ದರೆ ಹಿಕ್ಕೆ ಕಟ್ಟಿ ತಾ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನಮ್ಮ ಸಂಜಯನಗರಕ್ಕೆ ಹತ್ತಿರವೇ. ನಾನೇ ಜೊತೆಗೆ ಬಂದು ಪರೀಕ್ಷೆ ಮಾಡಿಸುತ್ತೇನೆ.

ಇನ್ನು ಕರುಳುಬೇನೆ. ಮೊದಲ ಮಳೆಯ ಎಳೆಹುಲ್ಲನ್ನು ಹೊಟ್ಟೆ ಬಿರಿಯೆ ಮೇಯ್ದ ದುಂಡು ಮರಿಗಳೇ ಬೆಳಗಾಗುವುದರೊಳಗೆ ಸತ್ತು ಬಿದ್ದಿರುತ್ತವೆ. ಮುಂಗಾರಿಗೆ ಮೊದಲೇ ಲಸಿಕೆ ಹಾಕಿಸು, ಊರಿನ ಪಶು ಆಸ್ಪತ್ರೆಯಲ್ಲಿ ಈಗಲೇ ಹೇಳಿಡು.