ಗೋಡೆ ಬಿಟ್ಟು ಓಡಿದವರು

ಅರ್ಧ ನಿಮಿಷದ ಒಂದು ವಿಡಿಯೊ ತುಣುಕಿದೆ. ಫುಟ್‌ಬಾಲ್ ಹುಚ್ಚಿನವರಲ್ಲಿ ಅದನ್ನು ನೋಡದವರು ಕಡಿಮೆ. 1974ರ ವಿಶ್ವಕಪ್, ಪಶ್ಚಿಮ ಜರ್ಮನಿಯ ಗೆಲ್ಸೆನ್‌ಕಿರ್ಷೆನ್, ಬ್ರೆಜಿಲ್ ಮತ್ತು ಜೈರ್ ನಡುವಿನ ಪಂದ್ಯದ ಕೊನೆಯ ಹಂತ. ಬ್ರೆಜಿಲ್‌ಗೆ ಫ್ರೀ ಕಿಕ್ ಸಿಕ್ಕಿದೆ. ಜೈರ್ ಆಟಗಾರರು ಗೋಡೆ ಕಟ್ಟಿ ನಿಂತಿದ್ದಾರೆ. ರೆಫರಿ ಸೀಟಿ ಊದಿದ್ದೇ ತಡ, ಬ್ರೆಜಿಲ್‌ನವರು ಚೆಂಡು ಮುಟ್ಟುವ ಮೊದಲೇ ಗೋಡೆಯಿಂದ ಒಬ್ಬ ಓಡಿಬಂದು ಅದನ್ನು ಮೈದಾನದ ಆ ತುದಿಗೆ ಬಾರಿಸಿಬಿಡುತ್ತಾನೆ. ಬ್ರೆಜಿಲ್ ಆಟಗಾರರು ಕಕ್ಕಾಬಿಕ್ಕಿ. ರೆಫರಿ ಹಳದಿ ಕಾರ್ಡ್ ತೆಗೆಯುತ್ತಾನೆ.

ನಾನು ಆ ತುಣುಕನ್ನು ಎಷ್ಟು ಜನಕ್ಕೆ ತೋರಿಸಿದ್ದೆನೋ ಲೆಕ್ಕವಿಲ್ಲ. 'ಪಾಪ, ಆಟದ ನಿಯಮವೇ ಗೊತ್ತಿಲ್ಲದವರನ್ನು ವಿಶ್ವಕಪ್‌ಗೆ ಕಳಿಸಿದ್ದಾರೆ ನೋಡಿ' ಎಂದು ಹೇಳುತ್ತಿದ್ದೆ. ಎಲ್ಲರೂ ನಗುತ್ತಿದ್ದರು. 2009ರ ಒಂದು ಭಾನುವಾರ ಅದನ್ನು ಕಾಂಗೊದ ಲುಬುಂಬಾಶಿಯಿಂದ ಬಂದ ಹುಡುಗನೊಬ್ಬನಿಗೆ ತೋರಿಸಿದೆ. ಅವನು ನಗಲಿಲ್ಲ.

ನಾನು ಬೆಳೆದದ್ದು ಬೆಂಗಳೂರಿನ ದೂರವಾಣಿನಗರದ ಐಟಿಐ ಕಾಲೊನಿಯಲ್ಲಿ. ಅಪ್ಪ ಅಲ್ಲಿನ ಟೆಲಿಫೋನ್ ಫ್ಯಾಕ್ಟರಿಯಲ್ಲಿ ಫಿಟ್ಟರ್. ಐಟಿಐಗೆ ಹೆಸರುವಾಸಿಯಾದ ಫುಟ್‌ಬಾಲ್ ತಂಡವಿತ್ತು. ಶಿಫ್ಟ್ ಮುಗಿಸಿದವರು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಟಿಫನ್ ಕ್ಯಾರಿಯರನ್ನು ಹ್ಯಾಂಡಲ್ಲಿನಲ್ಲೇ ಬಿಟ್ಟು ಪ್ರಾಕ್ಟೀಸ್ ನೋಡುತ್ತಾ ನಿಲ್ಲುತ್ತಿದ್ದರು. ಕ್ರಿಕೆಟ್ಟಿನ ಊರಿನಲ್ಲಿ ನನಗೆ ಫುಟ್‌ಬಾಲ್ ಅಂಟಿಕೊಂಡದ್ದು ಹೀಗೆ.

ಆಫ್ರಿಕಾ ಅಂಟಿಕೊಂಡದ್ದು 1990ರ ಜೂನ್ 8ರ ರಾತ್ರಿ. ಆಗ ನನಗೆ ಹನ್ನೆರಡು ವರ್ಷ. ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ. ಎದುರು ಮನೆಯವರ ಹಾಲಿನಲ್ಲಿ ಇಪ್ಪತ್ತು ಜನ, ನಮ್ಮ ಕಾಲಮಾನದಲ್ಲಿ ಒಂಬತ್ತೂವರೆಗೆ ಆಟ ಶುರು. ಮಿಲಾನಿನ ಸ್ಯಾನ್ ಸಿರೊದಲ್ಲಿ ಹಿಂದಿನ ಚಾಂಪಿಯನ್ ಅರ್ಜೆಂಟೀನಾ, ಎದುರಿಗೆ ಕ್ಯಾಮರೂನ್. ಅಲ್ಲಿ ಕೂತಿದ್ದ ಅಷ್ಟೂ ಜನ ಬಂದದ್ದು ಮರಡೋನಾನನ್ನು ನೋಡಲು. 61ನೇ ನಿಮಿಷಕ್ಕೆ ಕ್ಯಾಮರೂನಿನ ಕಾನಾ ಬಿಯಿಕ್ ಕೆಂಪು ಕಾರ್ಡ್ ಪಡೆದು ಹೊರಹೋದ. ಆರು ನಿಮಿಷ ಕಳೆದಿಲ್ಲ, ಅವನ ತಮ್ಮ ಒಮಾಮ್ ಬಿಯಿಕ್ ಗಾಳಿಯಲ್ಲಿ ಮೆಟ್ಟಿಲು ಹತ್ತಿದ ಹಾಗೆ ಎದ್ದು ಹೆಡ್ ಮಾಡಿದ. ಚೆಂಡು ಗೋಲ್‌ಕೀಪರ್ ಪುಂಪಿಡೊನ ಕೈಗೆ ಬಡಿದು, ಜಾರಿ, ಒಳಗೆ ಉರುಳಿತು. ಕೊನೆಗೆ ಒಂಬತ್ತೇ ಜನ ಉಳಿದಿದ್ದರೂ ಕ್ಯಾಮರೂನ್ 1-0ಯಿಂದ ಗೆದ್ದಿತು. ಅಪ್ಪ ಲುಂಗಿ ಎತ್ತಿಕಟ್ಟಿ ಎದ್ದು ನಿಂತು ಚಪ್ಪಾಳೆ ಹೊಡೆದದ್ದು ನನ್ನ ಕಣ್ಣಿಗೆ ಇನ್ನೂ ಕಟ್ಟಿದೆ. ಮಾರನೆಯ ದಿನದಿಂದ ಕಾಲೊನಿಯ ಹುಡುಗರೆಲ್ಲ ಕ್ಯಾಮರೂನ್. ಆ ತಂಡದ ರೊಜೆ ಮಿಲಾ ಕಾರ್ನರ್ ಬಾವುಟದ ಬಳಿ ಕುಣಿದ ಹಾಗೆ ನಾವು ಕಾಲೊನಿಯ ಲೈಟ್ ಕಂಬಗಳ ಹತ್ತಿರ ಕುಣಿದೆವು.

ಪ್ರೀತಿ ನಿಜವಾದದ್ದೇ. ಆದರೆ ಆ ಪ್ರೀತಿಯ ಮಾತುಗಳೆಲ್ಲ ಎಂಥವು ಎನ್ನುವುದನ್ನು ನಾನು ಇಪ್ಪತ್ತು ವರ್ಷ ಗಮನಿಸಲೇ ಇಲ್ಲ. 'ಏನು ಶಕ್ತಿ! ಏನು ಓಟ! ಏನು ಕುಣಿತ!' ಇಟಲಿಯವರು ಗೆದ್ದರೆ ಲೆಕ್ಕಾಚಾರ, ಜರ್ಮನಿಯವರು ಗೆದ್ದರೆ ಶಿಸ್ತು, ಆಫ್ರಿಕಾದವರು ಗೆದ್ದರೆ ಮೈಕಟ್ಟು. ಕಾಮೆಂಟರಿಯಲ್ಲಿ ಕೇಳಿದ್ದು, ಪತ್ರಿಕೆಯಲ್ಲಿ ಓದಿದ್ದು, ಅದನ್ನೇ ನಾನೂ ಹೇಳಿಕೊಂಡು ಬಂದೆ.

ಲುಬುಂಬಾಶಿಯ ಹುಡುಗ ನಮ್ಮ ಪಕ್ಕದ ರಸ್ತೆಯ ಮಹಡಿ ಮನೆಯಲ್ಲಿ ಬಾಡಿಗೆಗೆ ಇದ್ದ. ಕಂಪ್ಯೂಟರ್ ಓದಲು ಬಂದವನು. ಭಾನುವಾರ ಬೆಳಿಗ್ಗೆ ನಮ್ಮ ಜೊತೆ ಆಡುತ್ತಿದ್ದ, ಮಿಡ್‌ಫೀಲ್ಡಿನಲ್ಲಿ. ಹೆಚ್ಚು ಓಡುತ್ತಿರಲಿಲ್ಲ. ಚೆಂಡು ಬರುವ ಮೊದಲೇ ಎರಡು ಸಲ ತಲೆ ತಿರುಗಿಸಿ ಎಲ್ಲಿ ಯಾರಿದ್ದಾರೆಂದು ನೋಡಿಕೊಳ್ಳುತ್ತಿದ್ದ, ಬಂದ ಕೂಡಲೇ ಒಂದೇ ಟಚ್‌ನಲ್ಲಿ ಕಳಿಸುತ್ತಿದ್ದ. ಆಟ ಮುಗಿದ ಮೇಲೆ ನಮ್ಮ ಮನೆಯಲ್ಲಿ ತಿಂಡಿ. ಒಂದು ದಿನ ಊಟದ ಹೊತ್ತಾಗಿ ಅಮ್ಮ ಮುದ್ದೆ ಬಸ್ಸಾರು ಬಡಿಸಿದರು. ನಾವು ಹೇಳಿಕೊಡುವ ಮೊದಲೇ ಅವನು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದ. ಅವನ ಊರಿನಲ್ಲಿ ಮೆಕ್ಕೆಜೋಳದ ಹಿಟ್ಟಿನಲ್ಲಿ ಇಂಥದ್ದೇ ಮಾಡುತ್ತಾರಂತೆ, ಅದಕ್ಕೆ ಬುಕಾರಿ ಎನ್ನುತ್ತಾರಂತೆ. 'ನಮ್ಮ ಹುಡುಗನೇ ಬಿಡು ಇವನು' ಎಂದು ಅಮ್ಮ ಇನ್ನೊಂದು ಮುದ್ದೆ ಇಟ್ಟರು.

ಆ ದಿನವೇ ನಾನು ಅವನಿಗೆ ಆ ತುಣುಕು ತೋರಿಸಿದ್ದು. ಜೈರ್ ಎಂದರೆ ಇಂದಿನ ಕಾಂಗೊ, ಅವನ ದೇಶದ್ದು ಅಲ್ಲವೇ ಎಂದು.

ಅವನು ಪೂರ್ತಿ ನೋಡಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಬ್ರದರ್, ಇವರು ನಮ್ಮೂರಿನ ಕ್ಲಬ್ಬಿನವರು. ಇವರ ಹೆಸರು ಗೊತ್ತಾ ನಿಮಗೆ?' ಎಂದ.

ಗೊತ್ತಿರಲಿಲ್ಲ. ನೂರು ಸಲ ನೋಡಿದ್ದೆ, ಹೆಸರು ಹುಡುಕಿರಲಿಲ್ಲ.

ಮ್ವೆಪು ಇಲುಂಗಾ. ಲುಬುಂಬಾಶಿಯ ಟಿಪಿ ಮಜೆಂಬೆ ಕ್ಲಬ್ಬಿನ ಡಿಫೆಂಡರ್. ಆ ಕ್ಲಬ್ಬು ಟಿಪಿ ಎಂಗಲ್ಬರ್ಟ್ ಎಂಬ ಹಳೆಯ ಹೆಸರಿನಲ್ಲಿ 1967 ಮತ್ತು 1968ರಲ್ಲಿ ಸಾಲಾಗಿ ಎರಡು ಸಲ ಆಫ್ರಿಕಾದ ಕ್ಲಬ್ ಚಾಂಪಿಯನ್ ಆಗಿತ್ತು. 1974ರ ಜೈರ್ ತಂಡ ವಿಶ್ವಕಪ್‌ಗೆ ಬಂದದ್ದು ಆಫ್ರಿಕಾದ ಚಾಂಪಿಯನ್ ಆಗಿ. ಅದೇ ವರ್ಷ ಈಜಿಪ್ಟಿನಲ್ಲಿ ನಡೆದ ಆಫ್ರಿಕಾ ಕಪ್ಪಿನಲ್ಲಿ ಅವರ ಎನ್‌ಡಾಯೆ ಮುಲಾಂಬಾ ಒಬ್ಬರೇ ಒಂಬತ್ತು ಗೋಲು ಹೊಡೆದಿದ್ದರು. ಒಂದೇ ಕೂಟದಲ್ಲಿ ಅಷ್ಟು ಗೋಲು ಅದಾದ ಮೇಲೆ ಯಾರೂ ಹೊಡೆದಿಲ್ಲ. ಇವರಿಗೆ ಫ್ರೀ ಕಿಕ್ಕಿನ ನಿಯಮ ಗೊತ್ತಿರಲಿಲ್ಲ ಎಂದು ನಾನು ಹೇಳಿಕೊಂಡು ತಿರುಗುತ್ತಿದ್ದೆ.

ನಡೆದದ್ದೇನು ಎಂದು ಆ ಹುಡುಗ ಹೇಳಿದ, ಆಮೇಲೆ ನಾನೂ ಹುಡುಕಿ ಓದಿದೆ. ವಿಶ್ವಕಪ್‌ಗೆ ಅರ್ಹತೆ ಪಡೆದಾಗ ಸರ್ವಾಧಿಕಾರಿ ಮೊಬುಟು ಆಟಗಾರರನ್ನು ಹೊತ್ತು ಮೆರೆಸಿದ್ದ. ಜರ್ಮನಿಗೆ ಬಂದ ಮೇಲೆ ಆಟಗಾರರಿಗೆ ಸೇರಬೇಕಾದ ದುಡ್ಡು ಅವರ ಕೈಗೆ ಬರಲಿಲ್ಲ. ಮೊದಲ ಪಂದ್ಯದಲ್ಲಿ ಸ್ಕಾಟ್ಲೆಂಡ್ ಎದುರು ಮರ್ಯಾದೆಯ ಆಟ ಆಡಿ 2-0 ಸೋತಿದ್ದವರು ಎರಡನೆಯದರಲ್ಲಿ ಯುಗೊಸ್ಲಾವಿಯಾದ ಮುಂದೆ 9-0 ಸೋತರು. ಅದಾದ ಮೇಲೆ ಮೊಬುಟುವಿನ ಕಾವಲಿನವರು ಹೋಟೆಲಿಗೆ ಬಂದರು. ಬ್ರೆಜಿಲ್ ವಿರುದ್ಧ ಮೂರಕ್ಕಿಂತ ಹೆಚ್ಚು ಗೋಲಿನಿಂದ ಸೋತರೆ ಮನೆಗೆ ಮರಳುವುದನ್ನು ಮರೆತುಬಿಡಿ ಎಂದು ಬೆದರಿಸಿದರು. ಇದನ್ನು ಆಟಗಾರರೇ ಹೇಳಿಕೊಂಡಿದ್ದಾರೆ. ಪಂದ್ಯ ಮುಗಿದದ್ದು 3-0ಗೆ. ನಿಯಮ ನನಗೆ ಗೊತ್ತಿತ್ತು, ಬೇಕೆಂದೇ ಹಾಗೆ ಮಾಡಿದೆ, ನಮ್ಮ ದುಡ್ಡು ತಿಂದವರು ಮೇಲೆ ಕೂತು ನೋಡುತ್ತಿರುವಾಗ ನಾನೇಕೆ ಮೈಮುರಿದು ಆಡಬೇಕು ಎಂಬ ಅರ್ಥದ ಮಾತನ್ನು ಮ್ವೆಪು ಎಷ್ಟೋ ವರ್ಷದ ಮೇಲೆ ಸಂದರ್ಶನದಲ್ಲಿ ಆಡಿದ್ದಾರೆ.

ಅದನ್ನು ತಿಳಿದ ಮೇಲೆ ತುಣುಕನ್ನು ಮತ್ತೆ ನೋಡಿದೆ. ಅದೇ ಓಟ, ಅದೇ ಒದೆತ. ನನಗೆ ಈಗ ಕಾಣುವುದು ಹಳದಿ ಕಾರ್ಡ್ ತೋರಿಸಿಕೊಂಡ ಮೇಲಿನ ಅವರ ಮುಖ. ಸಾವಿರಾರು ಮೈಲಿ ದೂರದಲ್ಲಿ ಮನೆಯವರನ್ನು ಬಿಟ್ಟು ಬಂದ ಒಬ್ಬ ಗಂಡಸು, ಕೈಲಾದ ಒಂದೇ ಒಂದು ಪ್ರತಿಭಟನೆ ಮಾಡಿದ್ದಾರೆ, ಇಡೀ ಪ್ರಪಂಚ ನಕ್ಕಿದೆ. ನಾನೂ ನಕ್ಕಿದ್ದೆ.

ಆಮೇಲೆ ನಾನು ಆಟ ನೋಡುವ ಕ್ರಮವೇ ಬದಲಾಯಿತು. ಕ್ಯಾಮರೂನ್-ಅರ್ಜೆಂಟೀನಾ ಪಂದ್ಯವನ್ನು ಹುಡುಕಿ ತೆಗೆದು ತೊಂಬತ್ತು ನಿಮಿಷವೂ ಕೂತು ನೋಡಿದೆ. ಒರಟು ಫೌಲ್‌ಗಳಿದ್ದವು, ಇಲ್ಲವೆನ್ನುವುದಿಲ್ಲ. ಆದರೆ ಮರಡೋನಾನ ಕಾಲಿಗೆ ಚೆಂಡು ಬಂದಾಗಲೆಲ್ಲ ಒಬ್ಬ ಮೇಲೆ ಬೀಳುವುದು, ಇನ್ನೊಬ್ಬ ಅವನ ಎಡಗಾಲಿನ ದಾರಿ ಕಟ್ಟುವುದು, ಮತ್ತೊಬ್ಬ ಹಿಂದೆ ಜಾಗ ತುಂಬುವುದು, ಇದು ಬರೀ ಮೈಕಟ್ಟಿನ ಕೆಲಸವಲ್ಲ. ಹನ್ನೆರಡರ ಹುಡುಗನಿಗೆ ಕಾಣದೇ ಹೋದದ್ದು ಸರಿ. ಮೂವತ್ತು ದಾಟಿದವನಿಗೂ ಕಂಡಿರಲಿಲ್ಲ.

ಆಫ್ರಿಕಾದವರು ವಿಶ್ವಕಪ್ಪಿನಲ್ಲಿ ಯಾಕೆ ಇಷ್ಟು ಕಡಿಮೆ ಸಲ ಕಾಣಿಸಿಕೊಂಡರು ಎಂಬ ಪ್ರಶ್ನೆಯೂ ನನಗೆ ಮೊದಲು ಬಂದದ್ದಿಲ್ಲ. ಉತ್ತರ ಸರಳ: ಜಾಗ ಕೊಡಲಿಲ್ಲ. 1966ರಲ್ಲಿ ಆಫ್ರಿಕಾ, ಏಷ್ಯಾ, ಓಷಿಯಾನಿಯಾ ಮೂರೂ ಸೇರಿ ಒಂದೇ ಒಂದು ಸ್ಥಾನ. ಅಧ್ಯಕ್ಷ ಎನ್‌ಕ್ರುಮಾ ಅವರ ಘಾನಾ ಮುಂದೆ ನಿಂತು, ಆಫ್ರಿಕಾದ ದೇಶಗಳೆಲ್ಲ ಆ ವಿಶ್ವಕಪ್ಪನ್ನೇ ಬಹಿಷ್ಕರಿಸಿದವು. 1970ರಿಂದ ಖಂಡಕ್ಕೆ ಒಂದು ಖಾಯಂ ಸ್ಥಾನ ಸಿಕ್ಕಿತು. ಕ್ಯಾಮರೂನ್ 1990ರಲ್ಲಿ ಕ್ವಾರ್ಟರ್ ಫೈನಲ್‌ನಲ್ಲಿ ಇಂಗ್ಲೆಂಡನ್ನು ಹೆಚ್ಚುವರಿ ಸಮಯದವರೆಗೆ ಎಳೆದು 3-2 ಸೋತ ಮೇಲೆ ಎರಡಿದ್ದದ್ದು ಮೂರಾಯಿತು. 48 ತಂಡಗಳ 2026ರ ಕೂಟದಲ್ಲಿ ಒಂಬತ್ತು ನೇರ ಸ್ಥಾನ. ಪುಕ್ಕಟೆಯಾಗಿ ಬಂದ ಸ್ಥಾನ ಇದರಲ್ಲಿ ಒಂದೂ ಇಲ್ಲ.

2010ರ ಜುಲೈ 2ರ ರಾತ್ರಿ, ಘಾನಾ-ಉರುಗ್ವೆ ಪಂದ್ಯವನ್ನು ನಮ್ಮ ಮನೆಯಲ್ಲೇ ನೋಡಿದೆವು. ಜೋಹಾನ್ಸ್‌ಬರ್ಗಿನ ಸಾಕರ್ ಸಿಟಿ. ಹೆಚ್ಚುವರಿ ಸಮಯದ ಕೊನೆಯ ಕ್ಷಣ, 1-1. ಗೋಲಾಗಲಿದ್ದ ಹೆಡರನ್ನು ಉರುಗ್ವೆಯ ಸ್ವಾರೆಜ್ ಗೆರೆಯ ಮೇಲೆ ಕೈಯಿಂದ ತಡೆದ. ಕೆಂಪು ಕಾರ್ಡ್, ಪೆನಾಲ್ಟಿ. ಹಾಕಿದರೆ ಆಫ್ರಿಕಾದ ತಂಡವೊಂದು ಮೊದಲ ಬಾರಿಗೆ ಸೆಮಿಫೈನಲ್‌ಗೆ. ಅಸಮೋವಾ ಜಾನ್ ಒದ್ದ ಚೆಂಡು ಮೇಲಿನ ಪಟ್ಟಿಗೆ ಬಡಿದು ಆಚೆ ಹಾರಿತು. ನಾನು ಸ್ವಾರೆಜ್‌ಗೆ ಬಾಯಿಗೆ ಬಂದದ್ದು ಬೈಯುತ್ತಿದ್ದೆ. ಪಕ್ಕದಲ್ಲಿ ಹುಡುಗ ನನ್ನ ತೋಳು ಹಿಡಿದು, 'ಬ್ರದರ್, ಅವನನ್ನು ಬಿಡಿ. ಜಾನ್‌ನನ್ನು ನೋಡಿ' ಎಂದ. ಕೆಲವೇ ನಿಮಿಷದಲ್ಲಿ ಶೂಟ್‌ಔಟ್. ಘಾನಾ ಪರವಾಗಿ ಮೊದಲು ನಡೆದು ಬಂದವನು ಅದೇ ಜಾನ್. ಒಂದು ಖಂಡದ ಕನಸನ್ನು ಆಗಷ್ಟೇ ಕೈಚೆಲ್ಲಿದವನು ಮತ್ತೆ ಚೆಂಡಿಟ್ಟು, ಮೇಲ್ಮೂಲೆಗೆ ಬಾರಿಸಿದ. ಘಾನಾ 4-2ರಿಂದ ಸೋತಿತು. ಜನ ಇವತ್ತಿಗೂ ಮಾತಾಡುವುದು ಸ್ವಾರೆಜ್‌ನ ಕೈಯ ಬಗ್ಗೆ. ಪಕ್ಕದಲ್ಲಿ ಆ ಹುಡುಗ ಇಲ್ಲದಿದ್ದರೆ ಜಾನ್‌ನ ಆ ನಡಿಗೆ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ಅದೇ ವರ್ಷ ಡಿಸೆಂಬರಿನಲ್ಲಿ ಅವನ ಮಜೆಂಬೆ ಅಬುಧಾಬಿಯಲ್ಲಿ ಬ್ರೆಜಿಲ್‌ನ ಇಂಟರ್‌ನ್ಯಾಷನಲ್ ಕ್ಲಬ್ಬನ್ನು 2-0ಯಿಂದ ಸೋಲಿಸಿ ಕ್ಲಬ್ ವಿಶ್ವಕಪ್ಪಿನ ಫೈನಲ್ ಮುಟ್ಟಿತು. ಯೂರೋಪು, ದಕ್ಷಿಣ ಅಮೆರಿಕ ಬಿಟ್ಟು ಬೇರೆಯವರು ಅಲ್ಲಿಗೆ ಹೋದದ್ದು ಅದೇ ಮೊದಲು. ಗೋಲ್‌ಕೀಪರ್ ಕಿಡಿಯಾಬಾ ನೆಲದ ಮೇಲೆ ಕೂತು, ಕೂತಲ್ಲೇ ಪುಟಿಯುತ್ತಾ ಸಂಭ್ರಮಿಸಿದ. ಹುಡುಗ ನಮ್ಮ ಹಾಲಿನ ಮೊಸಾಯಿಕ್ ನೆಲದ ಮೇಲೆ ಅದನ್ನೇ ಮಾಡಿದ, ಕಣ್ಣಲ್ಲಿ ನೀರು. ಫೈನಲ್‌ನಲ್ಲಿ ಇಟಲಿಯ ಇಂಟರ್ ಎದುರು 3-0 ಸೋತರು. ಅವನಿಗೆ ಬೇಸರವೇ ಆಗಲಿಲ್ಲ.

ಓದು ಮುಗಿಸಿ ಅವನು ಊರಿಗೆ ಹೋದ ಮೇಲೆ ನಾನು ಒಬ್ಬನೇ ನೋಡಿದ ಪಂದ್ಯಗಳಲ್ಲಿ ಮನಸ್ಸಿಗೆ ಅತಿ ಹತ್ತಿರದ್ದು 2012ರ ಫೆಬ್ರವರಿಯ ಆಫ್ರಿಕಾ ಕಪ್ ಫೈನಲ್. ಅದಕ್ಕೆ ಹತ್ತೊಂಬತ್ತು ವರ್ಷ ಹಿಂದೆ, 1993ರ ಏಪ್ರಿಲ್‌ನಲ್ಲಿ, ಸೆನೆಗಲ್ ವಿರುದ್ಧ ವಿಶ್ವಕಪ್ ಅರ್ಹತಾ ಪಂದ್ಯ ಆಡಲು ಹೊರಟಿದ್ದ ಜಾಂಬಿಯಾ ತಂಡದ ವಿಮಾನ ಗ್ಯಾಬೊನ್‌ನ ಲಿಬ್ರೆವಿಲ್‌ನಲ್ಲಿ ಇಂಧನ ತುಂಬಿಸಿಕೊಂಡು ಮೇಲೇರಿ, ಸ್ವಲ್ಪ ಹೊತ್ತಿಗೇ ಸಮುದ್ರಕ್ಕೆ ಬಿತ್ತು. ಒಳಗಿದ್ದ ಮೂವತ್ತು ಜನವೂ ಹೋದರು, ಅವರಲ್ಲಿ ಆಟಗಾರರು 18. ನಾಯಕ ಕಲುಶಾ ಬ್ವಾಲ್ಯಾ ನೆದರ್ಲೆಂಡ್ಸ್‌ನಲ್ಲಿ ಆಡುತ್ತಿದ್ದ ಕಾರಣ ಆ ವಿಮಾನದಲ್ಲಿರಲಿಲ್ಲ. ಉಳಿದವರನ್ನು ಕಟ್ಟಿಕೊಂಡು ಅವರು ಮರುವರ್ಷವೇ ಆಫ್ರಿಕಾ ಕಪ್ ಫೈನಲ್‌ವರೆಗೆ ಹೋದರು. 2012ರ ಫೈನಲ್ ನಡೆದದ್ದು ಅದೇ ಲಿಬ್ರೆವಿಲ್‌ನಲ್ಲಿ. ಪಂದ್ಯಕ್ಕೆ ಮೊದಲು ಜಾಂಬಿಯಾದ ಹುಡುಗರು ಕಡಲ ದಂಡೆಗೆ ಹೋಗಿ ಹೂವಿಟ್ಟು ಬಂದರು. ಎದುರಿಗೆ ದ್ರೊಗ್ಬಾನ ಐವರಿ ಕೋಸ್ಟ್. ಗೋಲಿಲ್ಲದ 120 ನಿಮಿಷ. ಶೂಟ್‌ಔಟ್‌ನಲ್ಲಿ ಜಾಂಬಿಯಾದವರು ಮಧ್ಯಗೆರೆಯ ಹತ್ತಿರ ಒಬ್ಬರನ್ನೊಬ್ಬರು ಹಿಡಿದುಕೊಂಡು ಹಾಡುತ್ತಿದ್ದರು. 8-7. ಕೊನೆಯ ಪೆನಾಲ್ಟಿ ಹೊಡೆದವನು ಸ್ಟೊಪಿಲಾ ಸುಂಜು, ಮಜೆಂಬೆಯ ಆಟಗಾರ. ಕಲುಶಾ ಆಗ ಜಾಂಬಿಯಾ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರು. ನಡುರಾತ್ರಿ ದಾಟಿ ಎಷ್ಟೋ ಹೊತ್ತಾಗಿತ್ತು, ಲುಬುಂಬಾಶಿಯಿಂದ ಫೋನು. ಅತ್ತ ಕಡೆ ಬರೀ ಕಿರುಚಾಟ. ಗಡಿ ದಾಟಿದರೆ ಜಾಂಬಿಯಾ, ಅವನಿಗೆ ಅದೂ ತನ್ನದೇ ಊರು.

ಹತ್ತು ವರ್ಷ ಕಳೆದು ಕತಾರ್‌ನಲ್ಲಿ ಮೊರೊಕ್ಕೊ ಸ್ಪೇನನ್ನು, ಪೋರ್ಚುಗಲ್ಲನ್ನು ದಾಟಿ ಸೆಮಿಫೈನಲ್ ಮುಟ್ಟಿತು. ಜಾನ್ ಒದ್ದ ಚೆಂಡಿಗೆ ಸಿಗದ ಬಾಗಿಲು ತೆರೆಯಿತು. ಕೋಚ್ ವಾಲಿದ್ ರೆಗ್ರಾಗಿ ಕಟ್ಟಿದ ಆ ಡಿಫೆನ್ಸನ್ನು ಕಾಮೆಂಟರಿಯವರು ಸಂಘಟನೆ ಎಂದು ಕರೆದಾಗ ನನಗೆ ಹೊಟ್ಟೆ ತುಂಬಿದಷ್ಟು ಸಂತೋಷವಾಯಿತು.

ಕಳೆದ ಆಫ್ರಿಕಾ ಕಪ್ ಮೊರೊಕ್ಕೊದಲ್ಲೇ ನಡೆಯಿತು. ಕಾಂಗೊ ಆಡಿದ ಪಂದ್ಯಗಳಲ್ಲಿ ಕ್ಯಾಮೆರಾ ಗ್ಯಾಲರಿಯ ಕಡೆ ತಿರುಗಿದಾಗಲೆಲ್ಲ ಒಬ್ಬ ಅಭಿಮಾನಿ ಕಾಣುತ್ತಿದ್ದ. ಸೂಟು, ಕನ್ನಡಕ, ಬಲಗೈ ಮೇಲೆತ್ತಿ, ಸುತ್ತಲೂ ಜನ ಕುಣಿಯುತ್ತಿದ್ದರೂ ಆಟ ಮುಗಿಯುವವರೆಗೆ ಕಲ್ಲಿನಂತೆ ನಿಂತವನು. ನನ್ನ ಮಗ ಸೋಫಾದ ಮೇಲೆ ಹತ್ತಿ ಅವನ ಹಾಗೆ ಕೈಯೆತ್ತಿ ನಿಂತು ನಗಲು ಶುರು ಮಾಡಿದ.

'ಇಳಿ ಮಗನೇ, ಅವನು ಯಾರ ಹಾಗೆ ನಿಂತಿದ್ದಾನೆ ಗೊತ್ತಾ?' ಎಂದೆ. ಪ್ಯಾಟ್ರಿಸ್ ಲುಮುಂಬಾ. ಸ್ವತಂತ್ರ ಕಾಂಗೊದ ಮೊದಲ ಪ್ರಧಾನಿ. 1961ರ ಜನವರಿಯಲ್ಲಿ ಅವರನ್ನು ಗುಂಡಿಟ್ಟು ಕೊಂದದ್ದು ಲುಬುಂಬಾಶಿಯ ಹತ್ತಿರ. ಕಿನ್ಷಾಸಾದಲ್ಲಿ ಅವರ ಪ್ರತಿಮೆ ಹೀಗೇ ಕೈಯೆತ್ತಿ ನಿಂತಿದೆ.

ಪ್ರೀ ಕ್ವಾರ್ಟರ್ ಫೈನಲ್‌ನಲ್ಲಿ ಹೆಚ್ಚುವರಿ ಸಮಯ ಮುಗಿಯುವ ಹೊತ್ತಿಗೆ ಅಲ್ಜೀರಿಯಾ ಗೋಲು ಹೊಡೆದು ಕಾಂಗೊವನ್ನು ಹೊರಗೆ ಹಾಕಿತು. ಗೆದ್ದ ಸಂಭ್ರಮದಲ್ಲಿ ಅಲ್ಜೀರಿಯಾದ ಆಟಗಾರನೊಬ್ಬ ಆ ಅಭಿಮಾನಿಯನ್ನು ಅಣಕಿಸಿ ಕೈಯೆತ್ತಿ ನಿಂತು, ನೆಲಕ್ಕೆ ಬಿದ್ದು ತೋರಿಸಿದ. ಆಮೇಲೆ, ಆ ನಿಲುವಿನ ಅರ್ಥ ನನಗೆ ಗೊತ್ತಿರಲಿಲ್ಲ ಎಂದು ಕ್ಷಮೆ ಕೇಳಿದ. ಲುಬುಂಬಾಶಿಯ ಹುಡುಗನಿಗೆ ಈಗ ನಲವತ್ತರ ಹತ್ತಿರ, ಅವನಿಗೂ ಇಬ್ಬರು ಮಕ್ಕಳು. ಅವನಿಗೆ ಸಿಟ್ಟು ಬಂದಿರಬೇಕೆಂದು ಮೆಸೇಜ್ ಮಾಡಿದೆ. ಅವನ ಉತ್ತರ ಬೆಳಿಗ್ಗೆ ಬಂತು: 'ಗೊತ್ತಿರಲಿಲ್ಲ ಅಂದನಲ್ಲ, ಬ್ರದರ್. ಈಗ ಗೊತ್ತಾಯಿತು. ಅಮ್ಮ ಹೇಗಿದ್ದಾರೆ?'